ಪದ್ಮಳ ಸೇಬಿನ ಮರ

ಒಳ್ಳೆಯದು ಮಾಡಲು ಹೊರಟವರ ಹುರುಪಿಗೆ ಲಗಾಮು ಹಾಕುವವರು ಯಾರು? ನಾರ್ತ್‌ವಿಲ್‌ನ ಹೈಸ್ಕೂಲು ಮಕ್ಕಳ ಒಂದು ತಂಡ, ಹಲ್ಲಿನಿಂದಲೇ ಮರ ಕಡಿದು ಹೊಳೆಗೆ ಕಟ್ಟೆ ಕಟ್ಟುವ ಬೀವರ್‌ಗಳ ಮೇಲೆ ಕಣ್ಣಿಟ್ಟಿತ್ತು. ಯಾವ ಮರ ಉರುಳಿತು, ಕಟ್ಟೆ ಎಷ್ಟು ಬೆಳೆಯಿತು ಎಂದು ವಾರವಾರ ನೋಡಿ ಬರುವುದು ಅವರ ಕೆಲಸ. ಇನ್ನೊಂದು ಮರ ಬಿದ್ದರೆ ಬೋನು ಇಡಿಸುತ್ತೇವೆ ಎಂದು ಹೊಳೆದಡದ ಬಡಾವಣೆಯ ಕಮಿಟಿ ಗುಡುಗಿತು. ಮರಗಳ ಬುಡಕ್ಕೆ ತಂತಿಬಲೆ ಸುತ್ತೋಣ ಎಂದವಳು ತಂಡದ ತನಿಷಾ. ಅಕ್ಟೋಬರಿನಲ್ಲಿ ದಡದುದ್ದಕ್ಕೂ ಒಂದನ್ನೂ ಬಿಡದೆ ಸುತ್ತಿದರು. ಎಲ್ಲರೂ ಅವಳ ಬೆನ್ನು ತಟ್ಟಿದರು.

ಬೀವರ್ ಹಸಿ ಕೊಂಬೆ ಕಡಿದು ನೀರಿನಡಿ ಚಳಿಗಾಲದ ಬುತ್ತಿ ಕೂಡಿಡುವುದೂ ಅದೇ ತಿಂಗಳಲ್ಲಿ. ಓದಿ ಗೊತ್ತಿದ್ದರೂ ಆಗ ಯಾರಿಗೂ ನೆನಪಾಗಲಿಲ್ಲ.

ಜನವರಿಯ ರಜೆಯ ಸೋಮವಾರ, ಹಗಲಲ್ಲಿ ತಲೆಯೆತ್ತದ ಪ್ರಾಣಿ ನಡುಮಧ್ಯಾಹ್ನ ಮಂಜುಗಡ್ಡೆಯ ಮೇಲೆ ಕಂಡಿತು. ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ತಂತಿ ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ. ನೋಡಿ ಬರಲು ಹೋಗಿದ್ದ ತನಿಷಾ ಅಲ್ಲಿಂದಲೇ ಕಮಿಟಿಗೆ ಫೋನು ಮಾಡಿ ಬೇಡಿಕೊಂಡಳು. ಬಲೆ ಬಿಚ್ಚಲು ಅವರು ಒಪ್ಪಲಿಲ್ಲ.

ಮನೆಗೆ ಬಂದು ಅಡುಗೆಮನೆಯ ಕಿಟಕಿಗೆ ಹಣೆ ಆನಿಸಿ ನಿಂತಳು. ಹಿತ್ತಿಲಲ್ಲಿ ಸೇಬಿನ ಮರ. ಅಮ್ಮ ಪದ್ಮ ನೆಟ್ಟದ್ದು. ಅದು ಮೊದಲ ಸಲ ಹೂಬಿಟ್ಟ ವಸಂತದಲ್ಲೇ ಅಮ್ಮ ತೀರಿಕೊಂಡಳು. ಅಪ್ಪ ಸಂಗನಬಸಪ್ಪ ಚಳಿಗಾಲ ಬಂತೆಂದರೆ ಮಗುವಿಗೆ ಕುಲಾವಿ ಕಟ್ಟಿದಂತೆ ಅದಕ್ಕೆ ಗೋಣಿ ಸುತ್ತುತ್ತಾನೆ. ಬೀವರ್‌ಗೆ ಅದರ ಕೊಂಬೆ ಕೊಡು ಎಂದು ಅಪ್ಪನನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ.

“ಏನಾತವಾ?” ಅಪ್ಪ ಹಿಂದೆಯೇ ನಿಂತಿದ್ದ.

“ನಥಿಂಗ್, ಅಪ್ಪ.” ಆಮೇಲೆ ತಡೆಯಲಾಗಲಿಲ್ಲ. “ದೇ ಆರ್ ಸ್ಟಾರ್ವಿಂಗ್. ನಾನೇ ಮಾಡಿದ್ದು.” ಎಲ್ಲವನ್ನೂ ಹೇಳಿ ಅತ್ತಳು.

ಅಪ್ಪ ಕಿಟಕಿಯಾಚೆಯ ಮರದತ್ತ ನೋಡಿದ. “ಸೇಬಿನ ಟೊಂಗಿ ತಿಂತಾವೇನು ಅವು?”

ತನಿಷಾ ಹೌದೆಂದು ತಲೆಯಾಡಿಸಿದಳು.

ಶ್ರಾವಣ ಸೋಮವಾರ ಹೊರಗಿನವರೊಬ್ಬರು ಉಣ್ಣದೆ ಪದ್ಮ ತಾನು ತುತ್ತೆತ್ತಿದವಳಲ್ಲ. ಯಾರೂ ಸಿಗದಿದ್ದರೆ ಅಂಚೆಯವನನ್ನೇ ಕರೆದು ಕೂರಿಸುತ್ತಿದ್ದಳು.

“ಶ್ರಾವಣ ಅಲ್ಲ ಖರೆ,” ಎಂದ ಅಪ್ಪ, “ಆದ್ರ ಇವತ್ತೂ ಸೋಮವಾರನ.”

ತಾನೇ ಸುತ್ತಿದ ಗೋಣಿಯನ್ನು ತಾನೇ ಬಿಚ್ಚಿದ. ಗರಗಸ ಹಿಡಿದು ಒಂದೊಂದೇ ಕೊಂಬೆ ಕೊಯ್ದ.

ಇಬ್ಬರೂ ಕೊಂಬೆಗಳನ್ನು ಹಿಮದಲ್ಲಿ ಎಳೆದು ತಂದು ಹೊಳೆಯ ಅಂಚಿಗೆ ಹಾಕಿ, ದೂರ ಸರಿದು ಕೂತರು. ಹೊತ್ತು ಇಳಿಯುವಾಗ ಬೀವರ್ ಬಂತು. ಒಂದು ಕೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ತೊಗಟೆ ತಿನ್ನತೊಡಗಿತು. ಆ ಕರಕರ ಸದ್ದು ಕೇಳುತ್ತ ಅಪ್ಪ ಅತ್ತ. ಪದ್ಮಳನ್ನು ಕಳಿಸಿ ಬಂದ ದಿನವೂ ಅವನು ಅತ್ತಿರಲಿಲ್ಲ.

“ಒಂದ ಟೊಂಗಿ ಉಳಿಸೀನಿ, ಹೂವಿಗೆ,” ಎಂದ. ಕಣ್ಣೊರೆಸಿಕೊಂಡು ಮತ್ತೆ ಹೇಳಿದ, “ಇಷ್ಟು ಸಾಲಲಿಲ್ಲಂದ್ರ ನಾಳೆ ಅದನ್ನೂ ತರೂಣು.”