ಗುಳ್ಳೆಯ ಎತ್ವ

ಆ ನೋಟೀಸು ಬರೆದದ್ದು ನಾನೇ. ಅಂಟಿಸುವ ಮೊದಲು ನಾಲ್ಕು ಸಲ ಓದಿದ್ದೆ. ಆದರೂ ಒಂದು ಎತ್ವ ಬಿಟ್ಟುಹೋಗಿತ್ತು.

ಮಣಿಪಾಲದಲ್ಲಿ ಕ್ಲಾರಾ ಮೇಡಂ ಅವರ ರೇಡಾರ್ ತಂಡದಲ್ಲಿ ನಾನು ಸಹಾಯಕಿ. ಹಗಲು ಕಾರ್ಕಳದ ಝೆರಾಕ್ಸ್ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿತವಳು. ಕನ್ನಡದಲ್ಲಿ ಬರೆಯುವುದೇನಿದ್ದರೂ ಮೇಡಂ ನನಗೇ ಕೊಡುತ್ತಾರೆ.

ಸೂರ್ಯ ಮುಳುಗಿದ ಮೇಲೆ, ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ, ವಿದ್ಯುತ್ ಕಣಗಳ ಪದರದೊಳಗೆ ಒಮ್ಮೊಮ್ಮೆ ದೊಡ್ಡ ಗುಳ್ಳೆಗಳು ಏಳುತ್ತವೆ. ಉಪಗ್ರಹದ ಸಂಕೇತಗಳು ಅವುಗಳನ್ನು ದಾಟಿ ಬರುವಾಗ ದಾರಿ ತಪ್ಪುತ್ತವೆ. ಮಾರ್ಚ್ ಕೊನೆಯ ವಾರ ಐದು ದೇಶಗಳ ರೇಡಾರುಗಳು ಒಟ್ಟಿಗೆ ಅವುಗಳನ್ನು ಹುಡುಕುವುದೆಂದು ನಿಶ್ಚಯವಾಗಿತ್ತು. ನಮ್ಮ ಎಂಟು ಆಂಟೆನಾ ಕಂಬಗಳಿಗೆ ಸಿಕ್ಕ ಒಂದೇ ಜಾಗ ಮಟ್ಟು ಎಂಬ ಹಳ್ಳಿಯ ವಾರಿಜಕ್ಕನ ಖಾಲಿ ಗದ್ದೆ. ಶನಿವಾರ ಅವರು ಒಪ್ಪದಿದ್ದರೆ ಸೋಮವಾರ ನಾವು ಆಟಕ್ಕಿಲ್ಲ.

ಶನಿವಾರ ಬೆಳಿಗ್ಗೆ ಅವರ ಅಂಗಳದಲ್ಲಿ ಹತ್ತು ಹನ್ನೆರಡು ಬದನೆ ಬೆಳೆಗಾರರು ಸೇರಿದ್ದರು. ಒಬ್ಬರೂ ನಗಲಿಲ್ಲ. ವಾರಿಜಕ್ಕನ ಕೈಯಲ್ಲಿ ನನ್ನ ನೋಟೀಸು ಇತ್ತು.

"'ಐದು ದೇಶಗಳ ವಿಜ್ಞಾನಿಗಳು ಮಟ್ಟುವಿನಲ್ಲಿ ಗುಳ್ಳಗಳನ್ನು ಅಳೆಯಲಿದ್ದಾರೆ,'" ಎಂದು ಅವರು ಗಟ್ಟಿಯಾಗಿ ಓದಿದರು. "'ಅವು ಹೇಗೆ ಹುಟ್ಟುತ್ತವೆ, ಎಷ್ಟು ದೊಡ್ಡವಾಗುತ್ತವೆ ಎಂಬ ಮಾಹಿತಿಯನ್ನು ಎಲ್ಲ ದೇಶಗಳೂ ಹಂಚಿಕೊಳ್ಳಲಿವೆ.' ಎಂತ ಹಂಚಿಕೊಳ್ಳುವುದು? ಗುಳ್ಳ ಅಂದ್ರೆ ನಮ್ಮ ಬದನೆ, ಚೆಂಡಿನ ಹಾಗೆ ಉರುಟು. ಈ ಮಣ್ಣಲ್ಲಿ ಮಾತ್ರ ಆಗುವುದು. ಬೀಜ ಕೊಂಡುಹೋಗ್ಲಿಕ್ಕೆ ಬಂದದ್ದಾ?"

"ರೇಡಾರಿನಲ್ಲಿ ನೋಡಿದರೆ ಒಳಗಿನ ಬೀಜವೂ ಕಾಣ್ತದಂತೆ," ಎಂದು ಹಿಂದಿನಿಂದ ಯಾರೋ ಸೇರಿಸಿದರು.

ನನ್ನ ಕಿವಿ ಬಿಸಿಯಾಯಿತು. ಕ್ಲಾರಾ ಮೇಡಂ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ವಾರಿಜಕ್ಕ, ಅದು ಗುಳ್ಳ ಅಲ್ಲ, ಗುಳ್ಳೆ. ಎತ್ವ ಹಾಕಲು ಮರೆತೆ. ತಪ್ಪು ನನ್ನದು, ಮೇಡಂದಲ್ಲ."

"ಗುಳ್ಳೆ? ಆಕಾಶದಲ್ಲಿ? ನಿನ್ನ ಹೆಸರೆಂತ?"

"ಚಂಪಾ."

"ಚಂಪಾ, ಒಂದು ಸುಳ್ಳು ಮುಚ್ಚಲಿಕ್ಕೆ ಇದಕ್ಕಿಂತ ಚಂದದ ಸುಳ್ಳು ಸಿಗಲಿಲ್ವಾ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಮಸಾಲೆಯ ಪರಿಮಳ ಬಂತು. ಅಡುಗೆಮನೆಯ ಒಲೆಯ ಮೇಲೆ ಗುಳ್ಳದ ಕೊದ್ದೆಲ್, ದಪ್ಪ ಮಸಾಲೆ ಹುಳಿ, ಕುದಿಯುತ್ತಿತ್ತು.

"ಒಮ್ಮೆ ಒಳಗೆ ಬನ್ನಿ ಅಕ್ಕ. ಕೊದ್ದೆಲ್ ನೋಡಿ."

ವಾರಿಜಕ್ಕ ಬಂದರು, ಅವರ ಹಿಂದೆ ಎಲ್ಲರೂ ಬಾಗಿಲಿಗೆ ಮುತ್ತಿದರು. ತಳದ ಬಿಸಿ ಗುಳ್ಳೆ ಹಗುರವಾಗಿ, ದಪ್ಪ ರಸವನ್ನು ಸೀಳಿ, ಮೇಲೆ ಬಂದು ಒಡೆಯಿತು.

"ಮೇಲೆಯೂ ಹೀಗೆಯೇ. ಅಲ್ಲಿ ಬಿಸಿ ಕಾರಣವಲ್ಲ, ಆದರೆ ಏಳುವ ರೀತಿ ಇದೇ. ಹಗುರವಾದದ್ದು ಭಾರದ್ದನ್ನು ಸೀಳಿ ಏಳುತ್ತದೆ. ಆಗ ದೋಣಿಯ ಜಿಪಿಎಸ್ ಕೂಡ ತಪ್ಪು ತೋರಿಸಬಹುದು."

ಮಲ್ಪೆಯಲ್ಲಿ ಬೋಟು ನಡೆಸುವ ವಾರಿಜಕ್ಕನ ಗಂಡ ಬೂಬಣ್ಣ ಜಗಲಿಯಿಂದ ಒಮ್ಮೆಲೇ ಎದ್ದು ಬಂದರು.

"ಕೇಳಿದೆಯಾ? ಹೋದ ವಾರ ಸಂಜೆ ಏಳೂವರೆಗೆ ಜಿಪಿಎಸ್ ನನ್ನ ಬೋಟನ್ನು ಕಾಪು ಲೈಟ್‌ಹೌಸಿಗೆ ಹತ್ತಿಸಿತ್ತು! ನಾನು ಕುಡಿದದ್ದು ಅಂತ ನೀನು ಹೇಳಿದೆ."

"ಕುಡಿದಿರಲಿಲ್ವಾ?"

"ನಾನು ಸ್ವಲ್ಪ. ಜಿಪಿಎಸ್ ಕುಡಿದಿರಲಿಲ್ಲ ಮಾರಾಯ್ತಿ."

ಈ ಸಲದ ನಗೆಯಲ್ಲಿ ವಾರಿಜಕ್ಕನೂ ಸೇರಿದರು. ಸೌಟು ಕೆಳಗಿಟ್ಟು, "ಗದ್ದೆ ಕೊಡ್ತೇನೆ," ಎಂದರು. "ಬದನೆ ಗಿಡದ ಹತ್ತಿರ ಮಾತ್ರ ಒಬ್ಬರೂ ಹೋಗಬಾರದು. ಮತ್ತೆ ನೀನು, ಆ ಎತ್ವ ನನ್ನ ಎದುರೇ ಹಾಕು."

ಪೆನ್ನು ತೆಗೆದು ಹಾಕಿದೆ. ಅದು ಸ್ವಲ್ಪ ದೊಡ್ಡದೇ ಆಯಿತು.

ಸೋಮವಾರ ಸಂಜೆ ಏಳು ಗಂಟೆ ನಲವತ್ತು ನಿಮಿಷಕ್ಕೆ, ಗದ್ದೆಯಲ್ಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ ಗುಳ್ಳೆಯ ಗುರುತಾಗಿ ಒಂದು ಮಬ್ಬು ಗೆರೆ ಎದ್ದು, ಅಗಲವಾಗಿ, ಮೇಲಕ್ಕೆ ಬಾಗಿತು. ಕ್ಲಾರಾ ಮೇಡಂ ನನ್ನ ಭುಜ ಹಿಡಿದು ಅಲುಗಾಡಿಸಿದರು. ನಾನು ಸಮಯವನ್ನು ಎರಡು ಸಲ ಪರೀಕ್ಷಿಸಿ ದಾಖಲೆಯಲ್ಲಿ ಬರೆದೆ.

ವಾರಿಜಕ್ಕ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇದಾ? ಉರುಟೇ ಇಲ್ಲ. ಇದರ ಬೀಜ ನಮಗೆ ಬೇಡ, ಅವರೇ ಇಟ್ಟುಕೊಳ್ಳಲಿ."