ಬೆಳ್ಳಗಾದ ಟಾಂಕಿ

ಬೇಲೆಕೇರಿಯ ಮೀನು ಕಾರ್ಖಾನೆಯ ಹಿಂದೆ ಕೊಳಚೆ ನೀರಿನ ಟಾಂಕಿ ಇದೆಯಲ್ಲ, ಆರು ವರ್ಷದಿಂದ ಅದರ ಚಾಕರಿ ಸುಮಿತಾಳದ್ದು. ಎಮ್ಮೆ ಸಾಕಿದವರಿಗಾದರೂ ಹಾಲು ಸಿಗುತ್ತದೆ. ಇವಳು ಸಾಕಿದ್ದು ಕಣ್ಣಿಗೇ ಕಾಣದ ಜೀವಾಣುಗಳನ್ನು. ಮೀನಿನ ರಕ್ತ, ಜಿಡ್ಡು ಎಲ್ಲ ತಿಂದು ನೀರು ಹಸನು ಮಾಡುವವು ಅವೇ. ಅವಕ್ಕೆ ಹಗಲಿರುಳು ಗಾಳಿ ಊದಬೇಕು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಸೊಂಟ ಬಿದ್ದು ಹೋಗಿತ್ತು.

ಸೋಮವಾರ ಬೆಳಿಗ್ಗೆ ನೋಡಿದರೆ ಕೆಮ್ಮಣ್ಣಿನ ಬಣ್ಣಕ್ಕಿರಬೇಕಾದ ನೀರು ಅಕ್ಕಿ ತೊಳೆದ ನೀರಿನಂತಿತ್ತು, ಮೇಲೆ ರಾಶಿ ನೊರೆ. ಆ ನೀರನ್ನು ಉದ್ದ ಗಾಜಿನ ಜಾಡಿಯಲ್ಲಿ ತುಂಬಿಸಿಟ್ಟಳು. ಅರ್ಧ ತಾಸಿಗೆ ಜೀವಾಣುಗಳ ಕಂದು ಗಸಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ತಾಸು ಕಳೆದರೂ ಏನೂ ಇಳಿಯಲಿಲ್ಲ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು.

"ಅಯ್ಯೋ ದೇವರೇ, ಎಲ್ಲಾ ಸತ್ತೇ ಹೋದ್ವು!" ಅಳುವುದಕ್ಕೂ ತ್ರಾಣವಿರಲಿಲ್ಲ.

ನೆಲ ತೊಳೆಯುವ ಕಾಮಿ ನಗುತ್ತ ಬಂದಳು. "ತಂಗೀ, ನಾತ ಕಮ್ಮಿ ಆಯ್ತನೇ? ಪಾಪ, ದಿನಾ ಅದ್ರಲ್ಲೇ ಸಾಯ್ತೆ ಅಂತ ನಿನ್ನೆ ಎರಡು ಚೀಲ ಪೌಡರ್ ಗಟಾರಕ್ಕೆ ಸುರಿದೆ!"

ಅಷ್ಟರಲ್ಲಿ ಮ್ಯಾನೇಜರ್ ಸೂರಜ್ ಬಂದ. "ನೀರು ಬೆಳ್ಳಗೇ ಇದೆಯಲ್ಲ, ಹಳ್ಳಕ್ಕೆ ಬಿಡು. ಮೀನಿನ ದೋಣಿ ಬರೂ ಹೊತ್ತಾಯ್ತು."

"ಬೆಳ್ಳಗಿದ್ದದ್ದೆಲ್ಲ ಹಾಲೇ ಸರ್? ರಕ್ತ ಹಂಗೇ ಇದೆ, ಮೇಲಿಂದ ವಿಷ. ಕೆಳಗೆ ಹಳ್ಳದಲ್ಲಿ ಹೆಂಗಸರು ಸಾರಿಗೆ ಬಳಚಿನ ಚಿಪ್ಪು ಹೆಕ್ತಾ ಇದ್ದಾರೆ." ಸುಮಿತಾ ಹಳ್ಳಕ್ಕೆ ಹೋಗುವ ವಾಲ್ವ್ ಮುಚ್ಚಿ ಬೀಗ ಜಡಿದಳು. "ಸಗಣಿ ನೀರು ಹಾಕಿ ಮತ್ತೆ ಮೊದಲಿಂದ ಸಾಕ್ಬೇಕು. ಹದಿನೈದು ದಿನ ಮೀನು ಕೊಯ್ಯೂ ಹಾಗಿಲ್ಲ."

ಸುದ್ದಿ ಕೇಳಿ ಮೀನು ಕೊಯ್ಯುವ ನಲವತ್ತು ಹೆಂಗಸರೂ ಟಾಂಕಿಯ ಬಳಿಗೆ ನುಗ್ಗಿದರು. "ನಿನ್ನ ಹುಳದ ಹೊಟ್ಟೆಗಿಂತ ನಮ್ಮ ಹೊಟ್ಟೆ ಕಡಿಮೆಯನೇ?" ಎಂದು ಒಬ್ಬಳು ಕಿರುಚಿದಳು.

"ಯಾರು ಮಾಡಿದ್ದು ಇದು? ಹೆಸರು ಹೇಳು, ಇವತ್ತೇ ಮನೆಗೆ ಕಳಿಸ್ತೇನೆ" ಎಂದ ಸೂರಜ್.

ಕಾಮಿ ನೆಲ ನೋಡಿದಳು. ಹೇಳಿಯೇ ಬಿಡೋಣ ಅನ್ನಿಸಿತು ಸುಮಿತಾಳಿಗೆ, ಸುಳ್ಳೇಕೆ. ಆರು ವರ್ಷದ ಬಾಳಂತನ ಒಂದೇ ರಾತ್ರಿಗೆ ಮಣ್ಣುಪಾಲಾದರೆ ಯಾರಿಗೆ ಉರಿಯುವುದಿಲ್ಲ? ಆದರೆ ಬಂದ ಬಂದ ಆಫೀಸರರಿಗೆಲ್ಲ ಟಾಂಕಿಯ ಕತೆ ಬಾಯಿಪಾಠ ಒಪ್ಪಿಸಿದವಳು, ದಿನವೂ ನೆಲ ತೊಳೆಯುವ ಕಾಮಿಯನ್ನು ಒಮ್ಮೆಯೂ ಈ ಟಾಂಕಿಯ ಕಟ್ಟೆ ಹತ್ತಿಸಿರಲಿಲ್ಲ.

"ತಪ್ಪು ನಂದೇ ಸರ್. ಗಟಾರ ಎಲ್ಲಿಗೆ ಬರ್ತದೆ, ಇಲ್ಲಿ ಎಂತ ಬದುಕಿದೆ ಅಂತ ಇವರಿಗೆ ಒಂದಿನಾನೂ ಹೇಳ್ಲಿಲ್ಲ ನಾನು."

ಸೂರಜ್ ಏನೋ ಬೈಯುತ್ತಲೇ ಇದ್ದ. ಕಾಮಿ ಅವನನ್ನು ದಾಟಿ ಬಂದು ಟಾಂಕಿಯೊಳಗೆ ಇಣುಕಿದಳು.

"ತಂಗೀ, ನಾ ಕೊಂದದ್ದು ಎಷ್ಟು ಜೀವನೇ?" ಎಲ್ಲರಿಗೂ ಕೇಳುವಂತೆಯೇ ಕೇಳಿದಳು.

"ಎಣಿಸೂಕೆ ಬರೂದಿಲ್ಲ, ಅಕ್ಕ."