ಡಬ್ಬಿಯಲ್ಲಿಟ್ಟ ಅಡ್ವಾನ್ಸ್

ನರ್ಸಮ್ಮನಿಗೆ ಒಂದು ಹಟವಿತ್ತು. ಬಾಡಿಗೆಯವನು ಕೊಟ್ಟ ಅಡ್ವಾನ್ಸ್ ಮುಟ್ಟಬಾರದು. ಮುಟ್ಟಿದರೆ ತಾನೇ ಖರ್ಚಾಗುವುದು? ಕೆಳಗಿನ ಕೋಣೆಯಲ್ಲಿ ವಾಚ್ ರಿಪೇರಿಯವನು ಅಂಗಡಿ ಇಟ್ಟ ದಿನ ಕೊಟ್ಟ ನಲವತ್ತು ಸಾವಿರವನ್ನು ಅವನೆದುರಿಗೇ ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳದ ಸುತ್ತ ಗಾಯಕ್ಕೆ ಹಾಕುವ ಅಂಟುಪಟ್ಟಿ ಸುತ್ತಿ, ಬೀರುವಿನ ಮೇಲಿಟ್ಟಿದ್ದಳು. ಗಂಡನ ಕಾಯಿಲೆಗೆ ಅವರಿವರ ಮುಂದೆ ಕೈಚಾಚಿದಳೇ ಹೊರತು ಡಬ್ಬಿ ಕೆಳಗಿಳಿಸಲಿಲ್ಲ. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ!

ಈಗ ಅವನು ಕೋಣೆ ಬಿಡುವವನಿದ್ದ. ರಸ್ತೆ ಅಗಲ ಮಾಡುತ್ತೇವೆಂದು ಅಗೆದು ಹಾಕಿದ ಪುಣ್ಯಾತ್ಮರು ಮತ್ತೆ ಇತ್ತ ತಲೆಹಾಕಿರಲಿಲ್ಲ, ಗಿರಾಕಿಗಳೂ ಅಷ್ಟೆ. ಬಸ್ ನಿಲ್ದಾಣದೆದುರು ಒಂದು ಮಳಿಗೆ ಸಿಕ್ಕಿತ್ತು. ಸಂಜೆಯೊಳಗೆ ಅಲ್ಲಿಯೂ ನಲವತ್ತು ಸಾವಿರ ಅಡ್ವಾನ್ಸ್ ಕಟ್ಟಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲು.

"ಬಾರಪ್ಪ, ನಿನ್ನ ಕೈಯಾರೆ ನೀನೇ ಬಿಚ್ಚು," ಎಂದಳು ನರ್ಸಮ್ಮ. ದನಿಯಲ್ಲಿ ಜಂಬವಿತ್ತು. ಇರಲಿ ಬಿಡಿ, ಅಷ್ಟಾದರೂ ಬೇಡವೇ?

ಅವನು ಮುಚ್ಚಳ ತೆಗೆದ. ನೋಟು ಎಣಿಸಿ ಮತ್ತೆ ಡಬ್ಬಿಯೊಳಗೇ ಇಟ್ಟ.

"ಯಾಕಪ್ಪ, ಕಮ್ಮಿ ಇದೆಯಾ?"

"ಪೂರ್ತಿ ಇದೆ ನರ್ಸಮ್ಮ. ಆದರೆ ಎಲ್ಲ ಹಳೇ ನೋಟು. ಆರು ವರ್ಷದ ಹಿಂದೆಯೇ ರದ್ದಾದವು."

ಅಯ್ಯೋ ದೇವರೇ! ಆಗ ಅವಳೂ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಳು. ದಿಂಬಿನ ಕೆಳಗಿನದು, ಕೈಚೀಲದ್ದು, ಒಂದೊಂದು ನೋಟನ್ನೂ ಹುಡುಕಿ ಬದಲಾಯಿಸಿದ್ದಳು. ಡಬ್ಬಿಯದು ನೆನಪಿಗೇ ಬಂದಿರಲಿಲ್ಲ, ಯಾಕೆಂದರೆ ಅದು ತನ್ನದಲ್ಲ.

ತಡವರಿಸುತ್ತ ಹೋಗಿ ಚೆಕ್‌ಬುಕ್ ತಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆಂದು ಕೂಡಿಟ್ಟಿದ್ದು ಸರಿಯಾಗಿ ನಲವತ್ತು ಸಾವಿರ.

"ಬೇಡಮ್ಮ, ಅದು ನಿಮ್ಮ ಕಣ್ಣಿನ ದುಡ್ಡು."

"ಸುಮ್ಮನಿರು. ನಿನ್ನ ದುಡ್ಡನ್ನ ಕಸ ಮಾಡಿದವಳು ನಾನು. ಬರಿ."

ಅವನು ಬರೆದ. "ನಲವತ್ತು ಸಾವಿರ ಮಾತ್ರ," ಎಂದು ಓದಿದ. ಅವನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಅವಳು ಸಹಿ ಹಾಕಿದಳು. ಅವನು ಹೋದ ಮೇಲೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಇಷ್ಟು ವಯಸ್ಸಾಗಿಯೂ ಇಂಥ ಪೆದ್ದಿಯಾದೆನಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು.

ತಿಂಗಳಾದ ಮೇಲೆ ಪಿಂಚಣಿಗೆಂದು ಬ್ಯಾಂಕಿಗೆ ಹೋದಾಗ ಕೌಂಟರಿನಾಕೆ ಪಾಸ್‌ಬುಕ್ ಓದಿ ಹೇಳಿದಳು: ವಾಚಿನವನ ಚೆಕ್ಕಿಗೆ ಹೋಗಿರುವುದು ಇಪ್ಪತ್ತು ಸಾವಿರ.

ನರ್ಸಮ್ಮನ ಮೈಯೆಲ್ಲ ಉರಿಯಿತು. ಕಳ್ಳ! ನನಗೇ ಸುಳ್ಳು ಓದಿ ಹೇಳಿದ, ನನ್ನನ್ನು ಅವನ ಋಣದಲ್ಲಿ ಕೆಡವಿದ! ಅಲ್ಲೇ ಕೌಂಟರಿನಾಕೆಯಿಂದ ಉಳಿದ ಇಪ್ಪತ್ತು ಸಾವಿರಕ್ಕೆ ಚೆಕ್ ಬರೆಸಿಕೊಂಡು, ಗೋಡೆ ಸವರುತ್ತ, ಹತ್ತು ಜನರನ್ನು ದಾರಿ ಕೇಳುತ್ತ ಬಸ್ ನಿಲ್ದಾಣದ ಮಳಿಗೆಗೆ ಹೋದಳು.

ಅಲ್ಲಿ ಯಾರೋ ಚಪ್ಪಲಿ ಮಾರುತ್ತಿದ್ದರು. "ವಾಚಿನವರಾ? ಅಗೋ, ಹೊರಗೆ ಕೂತಿದಾರೆ ನೋಡಿ."

ಹೊರಗೆಂದರೆ ಫುಟ್‌ಪಾತು. ಒಂದು ದೊಡ್ಡ ಕೊಡೆ, ಕೆಳಗೆ ಒಂದು ಮೇಜು.

"ನರ್ಸಮ್ಮ! ಇಷ್ಟು ದೂರ ಒಬ್ಬರೇ ಬಂದ್ರಾ?"

"ಮಳಿಗೆ ಏನಾಯ್ತು?"

"ಅರ್ಧ ಕಟ್ಟಿ, ಉಳಿದದ್ದಕ್ಕೆ ಎರಡು ತಿಂಗಳು ಟೈಮ್ ಕೇಳಿದೆ. ಮಾಲೀಕರು ಒಪ್ಪಲಿಲ್ಲ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳವನ್ನೆಲ್ಲ ಬದಿಗಿಟ್ಟಳು. ಮೇಜು ಎಲ್ಲಿದೆಯೆಂದು ತಡಕಿ ಚೆಕ್ ಇಟ್ಟಳು. "ಇದನ್ನ ಬರೆದದ್ದು ಬ್ಯಾಂಕಿನವರು. ನಿನ್ನ ಕೈನ ಇನ್ನು ನಾನು ನಂಬಲ್ಲ."

ಅವನು ಚೆಕ್ಕನ್ನು ಮಡಿಸಿ ಮತ್ತೆ ಅವಳ ಕೈಗಿಟ್ಟ. "ಮಳಿಗೆ ಹೋಗೇ ಹೋಯ್ತಲ್ಲಮ್ಮ. ಇದರಲ್ಲಿ ಒಂದು ಕಣ್ಣಾದರೂ ಮಾಡಿಸ್ಕೊಳ್ಳಿ. ಆಮೇಲೆ ಬಂದು ನನ್ನ ಮುಖ ನೋಡ್ಕೊಂಡು ಬೈಯಿರಿ."

"ಈಗಲೇ ನೋಡ್ತಾ ಇದೀನಲ್ಲೋ!" ಎಂದಳು ನರ್ಸಮ್ಮ ಸಿಟ್ಟಿನಿಂದ.

ಅವಳು ನೋಡುತ್ತಿದ್ದುದು ಕೊಡೆಯ ಕೋಲನ್ನು. ವಾಚಿನವನು ಸದ್ದಾಗದಂತೆ ಎದ್ದು, ಆ ಕೋಲಿನ ಮುಂದೆ ಹೋಗಿ ನಿಂತುಕೊಂಡ.